ಒಂದೇ ಕಿವಿಯಲ್ಲಿ ಕೇಳಿದ ಜಾಝ್

ನನ್ನ ಇಯರ್‌ಫೋನಿನ ಎಡಗಿವಿ ಆಷಾಢದಲ್ಲಿ ಸತ್ತಿತು. ಆಷಾಢದಲ್ಲಿ ಮದುವೆ ಇಲ್ಲ, ಮದುವೆ ಇಲ್ಲದಿದ್ದರೆ ಬ್ಯಾಂಡಿನವನ ಕೈಯಲ್ಲಿ ರೊಕ್ಕ ಇಲ್ಲ. ಹೊಸದು ತಗೊಳ್ಳುವ ಮಾತು ಶ್ರಾವಣಕ್ಕೆ ಹೋಯಿತು, ಅಲ್ಲಿಂದ ದೀಪಾವಳಿಗೆ ಹೋಯಿತು. ಕಲಬುರಗಿಯ ಜಗತ್ ಸರ್ಕಲ್ಲಿನ ಹತ್ತಿರ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಹೊಟ್ಟೆಪಾಡು ಅದು. ಅಪ್ಪ ಬಿಟ್ಟುಹೋದದ್ದು ಒಂದು ಕ್ಲಾರಿನೆಟ್ಟು, ಮತ್ತೆ ಕಾಕಾನ ಬ್ಯಾಂಡಿನಲ್ಲಿ ಎರಡನೇ ಸಾಲಿನ ಬಲಗಡೆಯ ಜಾಗ.

ಮಧ್ಯಾಹ್ನ ಎರಡರಿಂದ ನಾಲ್ಕರ ತನಕ ಅಂಗಡಿಗೆ ನೊಣವೂ ಬರುವುದಿಲ್ಲ. ಆ ಹೊತ್ತಿನಲ್ಲಿ ಬಲಗಿವಿಗೆ ಅಮೆರಿಕದ ಜಾಝ್ ಸಂಗೀತ ಹಾಕಿಕೊಂಡು ಕೂರುವುದು ನನ್ನ ಚಟ. ಯೂಟ್ಯೂಬಿನಲ್ಲಿ ಕ್ಲಾರಿನೆಟ್ ಅಂತ ಹುಡುಕಿದರೆ ಬೆನ್ನಿ ಗುಡ್‌ಮನ್ ಸಿಗುತ್ತಾನೆ. ಅವನ ಬೆನ್ನು ಹತ್ತಿ ಹೋದವನು ಎಲ್ಲೆಲ್ಲೋ ಅಲೆದು ಕೊನೆಗೆ ಆರ್ನೆಟ್ ಕೋಲ್ಮನ್‌ನ ‘ಫ್ರೀ ಜಾಝ್’ ಎಂಬ ಆಲ್ಬಮ್ಮಿನ ಹತ್ತಿರ ಬಂದು ನಿಂತೆ. 1960ರ ಡಿಸೆಂಬರ್ 21ರಂದು ನ್ಯೂಯಾರ್ಕಿನಲ್ಲಿ ಮುದ್ರಿಸಿದ್ದು. 37 ನಿಮಿಷ, ನಡುವೆ ಎಲ್ಲೂ ನಿಲ್ಲುವುದಿಲ್ಲ. ಮೊದಲ ದಿನ ಐದು ನಿಮಿಷಕ್ಕೆ ಕಿತ್ತಿಟ್ಟೆ. ಮರುದಿನ ಮತ್ತೆ ಹಾಕಿದೆ. ಕಾರಣ, ಅದರೊಳಗೆ ಒಂದು ದಪ್ಪ ದನಿಯ ಕ್ಲಾರಿನೆಟ್ಟಿತ್ತು. ಕೆಳಗಿನ ಸ್ವರಗಳಲ್ಲಿ ಎಮ್ಮೆಯ ಹಾಗೆ ಗುಟುರು ಹಾಕಿ, ಮರುಕ್ಷಣವೇ ಗುಬ್ಬಿಯ ಹಾಗೆ ಮೇಲೆ ಹಾರಿಬಿಡುವ ದನಿ. ಆರ್ನೆಟ್ ಅಂದರೆ ಇವನೇ ಅಂದುಕೊಂಡು ಎರಡು ತಿಂಗಳು ಅವನನ್ನು ಮೆಚ್ಚಿಕೊಂಡೆ.

ಒಂದು ದಿನ ಫೋನನ್ನು ಅಂಗಡಿಯ ಕಂಪ್ಯೂಟರ್ ಸ್ಪೀಕರಿಗೆ ಹಚ್ಚಿದೆ. ಎಡಗಡೆಯ ಡಬ್ಬಿಯಿಂದ ಇನ್ನೊಂದು ಬ್ಯಾಂಡೇ ಹೊರಬಂತು. ಬಾಜೂಕಿನ ಅಂಗಡಿಯವನು ಏನೋ ಹಚ್ಚಿದ್ದಾನೆಂದು ಎದ್ದುಹೋಗಿ ಇಣುಕಿಯೂ ನೋಡಿದೆ. ಆಮೇಲೆ ಓದಿದಾಗ ತಿಳಿಯಿತು. ಅದರಲ್ಲಿ ಬಾರಿಸುವವರು ಎಂಟು ಜನ, ನಾಲ್ವರ ಎರಡು ತಂಡ. ಎಡಗಡೆ ಸ್ಯಾಕ್ಸೋಫೋನ್ ಹಿಡಿದ ಆರ್ನೆಟ್, ಡಾನ್ ಚೆರ್ರಿ, ಸ್ಕಾಟ್ ಲಫಾರೊ, ಬಿಲ್ಲಿ ಹಿಗಿನ್ಸ್. ಬಲಗಡೆ ಎರಿಕ್ ಡಾಲ್ಫಿ, ಫ್ರೆಡ್ಡಿ ಹಬರ್ಡ್, ಚಾರ್ಲಿ ಹೇಡನ್, ಎಡ್ ಬ್ಲ್ಯಾಕ್‌ವೆಲ್. ನಾನು ಮೆಚ್ಚಿದ್ದು ಡಾಲ್ಫಿಯ ಬೇಸ್ ಕ್ಲಾರಿನೆಟ್ಟನ್ನು. ಆರ್ನೆಟ್ ಅಷ್ಟೂ ದಿನ ನನ್ನ ಸತ್ತ ಕಿವಿಯಲ್ಲಿದ್ದ.

ಇಷ್ಟಕ್ಕೇ ಸುಮ್ಮನಿದ್ದರೆ ಚೆನ್ನಾಗಿತ್ತು. ತುಳಸಿ ಲಗ್ನ ಮುಗಿದ ಮೇಲೆ ನಮಗೆ ಸಿಕ್ಕ ಮೊದಲ ಮದುವೆ ಆಳಂದ ರಸ್ತೆಯ ಒಂದು ಊರಿನದು. ಮದುಮಗನನ್ನು ಕುದುರೆ ಮೇಲೆ ಕೂಡಿಸಿ ಹನುಮಪ್ಪನ ಗುಡಿಯಿಂದ ಹಂದರಕ್ಕೆ ಕರೆತರುವ ಮೆರವಣಿಗೆ. ಎಲ್ಲರೂ ಬಲ್ಲ ಹಳೇ ಹಿಂದಿ ಹಾಡು. ಮೂರನೇ ಸುತ್ತಿನಲ್ಲಿ ಅಂತರಾ ಮುಗಿದು ಎಲ್ಲರೂ ಮುಖಡಾಕ್ಕೆ ಬಂದರು, ನಾನು ಬರಲಿಲ್ಲ. ಪಂಚಮದ ಮೇಲೆ ನಿಲ್ಲಬೇಕಾದವನು ತೀವ್ರ ಮಧ್ಯಮಕ್ಕೆ ಜಾರಿ, ಅಲ್ಲೇ ನಾಲ್ಕು ಸಲ ಸುತ್ತಿ, ಕೆಳಗೆ ಧುಮುಕಿ ಡಾಲ್ಫಿಯ ಹಾಗೆ ಗುಟುರು ಹಾಕಿದೆ. ಹತ್ತರ ನೋಟನ್ನು ಹಲ್ಲಲ್ಲಿ ಕಚ್ಚಿಕೊಂಡು ಕುಣಿಯುತ್ತಿದ್ದ ಮದುಮಗನ ಸೋದರಮಾವ ಕೈ ಎತ್ತಿದ್ದು ಎತ್ತಿದಂತೇ ನಿಂತ, ನೋಟು ಬಾಯಲ್ಲೇ. ಸೈಡ್ ಡ್ರಮ್ಮಿನ ಚಾಚಾ ಕೋಲು ನಿಲ್ಲಿಸಿ ನನ್ನ ಮುಖ ನೋಡಿದರು. ಟ್ರಂಪೆಟ್ಟಿನವರೂ ನೋಡಿದರು. ಕುದುರೆಯೊಂದೇ ಸಮಾಧಾನವಾಗಿತ್ತು.

ಬೀಗರ ಕಡೆಯವರು ಐದುನೂರು ಮುರಿದುಕೊಂಡರು. ಕಾಕಾ ಅದನ್ನು ನನ್ನ ಪಾಲಿನಲ್ಲೇ ಮುರಿದ. ಟೆಂಪೊದಲ್ಲಿ ವಾಪಸ್ ಬರುವಾಗ ಅವನು ಹೇಳಿದ್ದು ಒಂದೇ ಮಾತು: “ನಿನ್ನ ಹಾಡು ನಿನಗ ಗೊತ್ತದ. ಕುಣಿಯೋರಿಗಿ ಗೊತ್ತದೇನು?”

ಆ ರಾತ್ರಿ ಮನೆಯಲ್ಲಿ ಕೂತು ಆರ್ನೆಟ್‌ನ ಕಥೆ ಓದಿದೆ. 1949ರಲ್ಲಿ, ಹತ್ತೊಂಬತ್ತರ ಹುಡುಗ, ಲೂಸಿಯಾನಾದ ಬ್ಯಾಟನ್ ರೂಜ್ ಊರಿನಲ್ಲಿ ಕುಣಿತದ ಜಾಗದಲ್ಲಿ ಟೆನರ್ ಸ್ಯಾಕ್ಸೋಫೋನ್ ಬಾರಿಸುತ್ತಿದ್ದ. ತನ್ನ ಸರದಿ ಬಂದಾಗ ತನಗೆ ತೋಚಿದ್ದು ಬಾರಿಸಿದ, ಕುಣಿಯುವವರು ನಿಂತುಬಿಟ್ಟರು. ಆಮೇಲೆ ಹೊರಗೆ ಕರೆದು ಬಡಿದರು, ವಾದ್ಯವನ್ನೂ ಹಾಳುಮಾಡಿದರು. ನನಗೆ ಐದುನೂರಕ್ಕೆ ಮುಗಿದಿತ್ತು. ಮುಂದೆ ಅವನು ಕೊಂಡದ್ದು ಬಿಳಿ ಪ್ಲಾಸ್ಟಿಕ್ಕಿನ ಆಲ್ಟೊ ಸ್ಯಾಕ್ಸೋಫೋನ್, ಅಗ್ಗಕ್ಕೆ ಸಿಕ್ಕಿತ್ತು ಅಂತ. ಅದನ್ನೇ ಹಿಡಿದು 1959ರ ನವೆಂಬರಿನಲ್ಲಿ ನ್ಯೂಯಾರ್ಕಿನ ಫೈವ್ ಸ್ಪಾಟ್ ಕ್ಲಬ್ಬಿನಲ್ಲಿ ಬಾರಿಸಿದಾಗ ಜಾಝ್ ಮಂದಿ ಇಬ್ಭಾಗವಾದರು. ಇವನಿಗೆ ಬಾರಿಸಲು ಬರುವುದಿಲ್ಲ ಅಂದವರಲ್ಲಿ ದೊಡ್ಡ ದೊಡ್ಡವರಿದ್ದರು. ಎರಡು ವಾರಕ್ಕೆ ಬಂದ ತಂಡ ಎರಡು ತಿಂಗಳಿಗೂ ಹೆಚ್ಚು ಅಲ್ಲೇ ಉಳಿಯಿತು. 2007ರಲ್ಲಿ ಅವನಿಗೆ ಅಮೆರಿಕದ ದೊಡ್ಡ ಪ್ರಶಸ್ತಿ ಪುಲಿಟ್ಜರ್ ಕೊಟ್ಟರು. ಇದನ್ನೆಲ್ಲ ಕಾಕಾನಿಗೆ ಹೇಳಿದೆ. ಅವನು ಕೇಳಿದ್ದು, “ಪ್ಲಾಸ್ಟಿಕ್ಕಿಂದೂ ಬರ್ತದೇನು?”

ಎಂಟು ದಿನ ಬಿಟ್ಟು ಚಾಚಾ ಅಂಗಡಿಗೆ ಬಂದರು, ಆಧಾರ್ ಕಾರ್ಡಿನ ಝೆರಾಕ್ಸಿಗೆ. ನನ್ನ ಮೇಲೆ ಸಿಟ್ಟಿರಲಿಲ್ಲ, ಆದರೆ ಮಾತೂ ಇರಲಿಲ್ಲ. ಚಹಾ ತರಿಸಿ, “ಚಾಚಾ, ಇದೊಂದು ಕೇಳ್ರಿ, ಬರೇ ಡ್ರಮ್ ಕೇಳ್ರಿ” ಅಂತ ಬಲಗಿವಿಯ ಬೊಂಡನ್ನು ಅವರ ಕಿವಿಗಿಟ್ಟೆ. ನಲವತ್ತು ವರ್ಷ ಮೆರವಣಿಗೆಯಲ್ಲಿ ಡ್ರಮ್ ಹೊತ್ತವರು. ಎಡಭುಜದ ಮೇಲೆ ಪಟ್ಟಿಯ ಗುರುತು ಅಂಗಿಯ ಮೇಲೂ ಕಾಣುತ್ತದೆ. ಕಣ್ಣು ಮುಚ್ಚಿದರು. ಚಹಾ ತಣ್ಣಗಾಯಿತು. ಬೆರಳು ತಾನಾಗೇ ಟೇಬಲ್ಲಿನ ಮೇಲೆ ಬಡಿಯತೊಡಗಿತು, ಬಲಗಾಲು ಎಡಗಾಲು ಒಂದಾದ ಮೇಲೊಂದು ಎದ್ದಿಳಿದವು. ಆಮೇಲೆ ಅಂದರು:

“ಈಂವ ನಡ್ಕೋತ ಬಾರಸ್ತಾನ ತಮ್ಮಾ. ಕುಂತು ಬಾರಸೋರ ಕೈ ಹಿಂಗ ಇರಂಗಿಲ್ಲ.”

ನಾನು ಅವರಿಗೆ ಏನೂ ಹೇಳಿರಲಿಲ್ಲ. ಬಲಗಡೆಯ ಡ್ರಮ್ಮಿನವನು ಎಡ್ ಬ್ಲ್ಯಾಕ್‌ವೆಲ್, ಅಮೆರಿಕದ ನ್ಯೂ ಆರ್ಲಿಯನ್ಸ್‌ನವನು. ಆ ಊರಿನಲ್ಲಿ ಹೆಣದ ಮುಂದೆ ಬ್ಯಾಂಡು ನಡೆಯುತ್ತದೆ. ಹೋಗುವಾಗ ನಿಧಾನದ ಶೋಕದ ರಾಗ, ಮಣ್ಣಾದ ಮೇಲೆ ಕುಣಿಸುವ ರಾಗ. ಬ್ಯಾಂಡಿನ ಹಿಂದೆ ಹೆಜ್ಜೆ ಹಾಕುತ್ತ ಬರುವ ಜನಕ್ಕೆ ಸೆಕೆಂಡ್ ಲೈನ್ ಅಂತ ಹೆಸರು. ಆ ಬೀದಿಯ ಡ್ರಮ್ಮನ್ನು ಮೈಗೂಡಿಸಿಕೊಂಡು ಬಂದವನು ಬ್ಲ್ಯಾಕ್‌ವೆಲ್. ನಮ್ಮ ಕಡೆಯೂ ತುಂಬು ವಯಸ್ಸಿನವರು ತೀರಿದರೆ ಭಜನೆ, ಹಲಗೆ, ಕೆಲವು ಕಡೆ ಬ್ಯಾಂಡೂ ಇರುತ್ತದೆ, ಆದರೆ ಹೋಗುವಾಗ ಮಾತ್ರ. ತಿರುಗಿ ಬರುವಾಗ ಯಾರ ಸಲುವಾಗಿ ಬಾರಿಸುತ್ತಾರೆ ಅಂತ ಕಾಕಾ ಕೇಳಿದ್ದಕ್ಕೆ ನನಗೆ ಇನ್ನೂ ಉತ್ತರ ಹೊಳೆದಿಲ್ಲ.

ಚಾಚಾನ ಮಾತು ಕೇಳಿದ ಮೇಲೆ ನಾನು ಮಾಡಿದ ತಪ್ಪು ನನಗೇ ಕಂಡಿತು. ಆರ್ನೆಟ್ ಸ್ವರಮೇಳದ ಕಟ್ಟು ಬಿಟ್ಟ, ಆದರೆ ನಡಿಗೆ ಬಿಡಲಿಲ್ಲ. ಅವನು ಎಲ್ಲಿಗೇ ಹೋಗಲಿ, ಹಿಂದೆ ಒಬ್ಬ ನಡೆಯುತ್ತಲೇ ಇದ್ದ. ನಾನು ಹೋದೆ, ನಾನು ಹೋಗುವುದು ಚಾಚಾನಿಗೆ ಗೊತ್ತಿರಲಿಲ್ಲ, ಅವರೂ ನಿಂತರು. ಮನೆಯಲ್ಲಿ ಯಾರೂ ಉಳಿಯಲಿಲ್ಲ.

ಜಾಝಿನಲ್ಲಿ ಈ ಜಗಳ ಹಳೇದು. 1940ರ ದಶಕದಲ್ಲಿ ನ್ಯೂಯಾರ್ಕಿನ ಹಾರ್ಲೆಮ್ಮಿನ ಮಿಂಟನ್ಸ್ ಕ್ಲಬ್ಬಿನಲ್ಲಿ ಹುಡುಗರು ಬೀಬಾಪ್ ಎಂಬ ಹೊಸ ಬಗೆಯ ಜಾಝ್ ಬಾರಿಸತೊಡಗಿದಾಗ ಹಳೇ ಟ್ರಂಪೆಟ್ ದಿಗ್ಗಜ ಲೂಯಿ ಆರ್ಮ್‌ಸ್ಟ್ರಾಂಗ್‌ನಂಥವನೇ ಮೂಗು ಮುರಿದ. ಆದರೆ ಎಲ್ಲರೂ ಕೂಡಿ ಹೆಣೆಯುತ್ತಿದ್ದ ನ್ಯೂ ಆರ್ಲಿಯನ್ಸ್ ಬ್ಯಾಂಡಿನಿಂದ ಒಬ್ಬನನ್ನೇ ಮುಂದೆ ತಂದು ನಿಲ್ಲಿಸಿದವನು ಇಪ್ಪತ್ತರ ದಶಕದಲ್ಲಿ ಇದೇ ಆರ್ಮ್‌ಸ್ಟ್ರಾಂಗ್. ಎಂಟು ಜನ ಒಟ್ಟಿಗೇ ಬಾಯಿ ಹಾಕುವ ‘ಫ್ರೀ ಜಾಝ್’ ಅವನಿಗಿಂತ ಹಳೆಯ ಬ್ಯಾಂಡಿಗೆ ಹತ್ತಿರ. ಯಾರು ಸಂಪ್ರದಾಯಸ್ಥ, ಯಾರು ಪುಂಡ ಅಂತ ಗೆರೆ ಎಳೆಯಲು ಹೋದರೆ ಚಾಕ್‌ಪೀಸು ಮುರಿಯುತ್ತದೆ.

ಸಂಪ್ರದಾಯದ ಕಡೆಯ ದೊಡ್ಡ ವಕೀಲ ಅಂದರೆ ಟ್ರಂಪೆಟ್ಟಿನ ವಿಂಟನ್ ಮಾರ್ಸಾಲಿಸ್. 1987ರಿಂದ ನ್ಯೂಯಾರ್ಕಿನ ಲಿಂಕನ್ ಸೆಂಟರಿನಲ್ಲಿ ಜಾಝ್ ಕಟ್ಟಿದವನು. ಸ್ವಿಂಗ್ ಅಂದರೆ ತೂಗುವ ಲಯ, ಬ್ಲೂಸ್ ಅಂದರೆ ಕಪ್ಪು ಜನರ ನೋವಿನ ಹಾಡಿನ ಧಾಟಿ, ಇವೆರಡೂ ಇಲ್ಲದ್ದು ಜಾಝ್ ಅಲ್ಲ ಎಂಬುದು ಅವನ ವಾದ. ಮೊದಲೆಲ್ಲ ಅವನ ಹೆಸರು ಕೇಳಿದರೆ ನನಗೆ ಕಾಕಾನ ಮುಖ ನೆನಪಾಗುತ್ತಿತ್ತು. ಈಗ ಅರ್ಧ ಒಪ್ಪುತ್ತೇನೆ, ಅರ್ಧ ಮಾತ್ರ. ಯಾಕೆಂದರೆ ಅವನ ಅಪ್ಪ ಎಲ್ಲಿಸ್ ಮಾರ್ಸಾಲಿಸ್ ಐವತ್ತರ ದಶಕದಲ್ಲಿ ಇದೇ ಬ್ಲ್ಯಾಕ್‌ವೆಲ್ ಜೊತೆ ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದು ಆರ್ನೆಟ್‌ನ ಸಂಗಡ ಬಾರಿಸಲು. ವಿಂಟನ್ ಹುಟ್ಟಿದ್ದು 1961ರಲ್ಲಿ, ‘ಫ್ರೀ ಜಾಝ್’ ಹೊರಬಂದ ವರ್ಷವೇ. ಮನೆಯೊಳಗಿನ ಜಗಳ ಅಂದರೆ ಹೀಗೇ ಇರುತ್ತದೆ.

ಕಾಕಾನ ಹತ್ತಿರ ಇದನ್ನೆಲ್ಲ ಬಿಚ್ಚಿದರೆ ಅವನು ಕದ್ರಿ ಗೋಪಾಲನಾಥರನ್ನು ತರುತ್ತಾನೆ. “ಅವರ ಅಪ್ಪಾರು ನಾಗಸ್ವರದವರು. ಸ್ಯಾಕ್ಸೋಫೋನ್ ಹಿಡಿದ್ರೂ ನಾಗಸ್ವರ ಬಿಟ್ರೇನು?” ಬಿಡಲಿಲ್ಲ, ನಿಜ. ಆದರೆ ಬೆಲ್ಜಿಯಮ್ಮಿನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ವಾದ್ಯದಲ್ಲಿ ಗಮಕ ಎಳೆಯುತ್ತೇನೆಂದು ಹೊರಟದ್ದು ಪುಂಡಾಟವಲ್ಲದೆ ಮತ್ತೇನು ಕಾಕಾ? 1980ರಲ್ಲಿ ಮುಂಬೈಯ ಜಾಝ್ ಉತ್ಸವದಲ್ಲಿ ಅವರು ಅಮೆರಿಕದ ಜಾಝ್ ಸ್ಯಾಕ್ಸೋಫೋನಿನ ಜಾನ್ ಹ್ಯಾಂಡಿಯ ಸಂಗಡ ಬಾರಿಸಿದ್ದನ್ನು ಹೇಳಿದರೆ ಕಾಕಾ ಬೀಡಿ ಹಚ್ಚುತ್ತಾನೆ. ಬೀಡಿ ಹಚ್ಚಿದ ಅಂದರೆ ವಾದ ಮುಗಿಯಿತು, ಗೆದ್ದವರು ಯಾರೆಂದು ಕೇಳಬಾರದು.

ಈ ಸಲದ ಒಪ್ಪಂದ ಹೀಗಿದೆ: ಮೆರವಣಿಗೆಯಲ್ಲಿ ಒಂದು ಹಾಡಿಗೆ ಒಂದು ಸುತ್ತು ನನ್ನದು. ಹೊರಡುವ ಮುಂಚೆ ಚಾಚಾನಿಗೆ ಮಂಡಿ ತಾಗಿಸಿ ಸನ್ನೆ ಮಾಡಬೇಕು. ಅವರು ಏನೇ ಆದರೂ ಕೈ ನಿಲ್ಲಿಸುವುದಿಲ್ಲ. ಎರಡು ಮದುವೆಯಲ್ಲಿ ಆಯಿತು. ಮೊದಲನೆಯದರಲ್ಲಿ ಯಾರಿಗೂ ಗೊತ್ತೇ ಆಗಲಿಲ್ಲ. ಎರಡನೆಯದರಲ್ಲಿ ಒಬ್ಬ ಹುಡುಗ ಬಂದು ಕ್ಲಾರಿನೆಟ್ ಕೆಟ್ಟಿದೆಯೇನು ಅಂತ ಕೇಳಿದ.

ಮೊನ್ನೆ ಸೂಪರ್ ಮಾರ್ಕೆಟ್ಟಿನಲ್ಲಿ ನೂರೈವತ್ತು ಕೊಟ್ಟು ಹೊಸ ಇಯರ್‌ಫೋನ್ ತಂದೆ. ಚಾಚಾ ಅಂಗಡಿಗೆ ಬಂದಾಗ ಎರಡೂ ಕಿವಿಗೆ ಹಾಕಿ ಅದನ್ನೇ ಮತ್ತೆ ಹಚ್ಚಿದೆ. ಒಂದು ನಿಮಿಷ ಹುಬ್ಬು ಗಂಟಿಕ್ಕಿ ಕೇಳಿದರು. ಆಮೇಲೆ ಎಡಗಿವಿಯ ಬೊಂಡು ಕಿತ್ತು, ಅಂಗಿಗೆ ಒರೆಸಿ, ನನ್ನ ಕೈಗೆ ಕೊಟ್ಟರು.

“ಇದು ನಿಂದು. ನೀ ಇಟ್ಕೋ.”