ಯಾವ ಫ್ಯಾಂಟಸಿ ಓದಲಿ ಅಂತ ಕೇಳಿದರೆ, ನಾನು ಮೊದಲು ಬುತ್ತಿ ನೋಡುತ್ತೇನೆ

ಮಾಯಾಮಂತ್ರದ ಕತೆ, ಸಾಹಸದ ಕತೆ ಓದುವವಳು ನಾನು ಅಂತ ಗೊತ್ತಿರುವವರೆಲ್ಲ ಕೇಳುವುದು ಒಂದೇ ಪ್ರಶ್ನೆ. ‘ಈಗ ಏನು ಓದ್ತಾ ಇದ್ದೀರಿ? ನಮಗೂ ಒಂದು ಹೆಸರು ಹೇಳಿ.’ ಕೇಳುವವರಲ್ಲಿ ಎರಡು ಥರ. ಕೆಲವರು ಟೀವಿಯಲ್ಲಿ ಯಾವುದೋ ಸೀರೀಸ್ ನೋಡಿ ಈಗ ಪುಸ್ತಕಕ್ಕೆ ಕೈ ಹಾಕಬೇಕು ಅನ್ನುವವರು. ಇನ್ನು ಕೆಲವರು ನನಗಿಂತ ಜಾಸ್ತಿ ಓದಿದವರು. ಅವರಿಗೆ ಹೆಸರು ಬೇಕಿಲ್ಲ, ಜಗಳ ಬೇಕು. ಇಬ್ಬರಿಗೂ ನನ್ನ ಉತ್ತರ ಒಂದೇ, ಆದ್ದರಿಂದ ಇಲ್ಲೇ ಬರೆದುಬಿಡುತ್ತೇನೆ.

ನಾನು ಪುಸ್ತಕ ಆರಿಸುವುದು ಬುತ್ತಿ ನೋಡಿ. ಕತೆಯ ಜನ ದಾರಿಯಲ್ಲಿ ಏನು ತಿನ್ನುತ್ತಾರೆ? ಅದನ್ನು ಹೊರುವವರು ಯಾರು? ಮುಗಿದ ಮೇಲೆ ಗತಿಯೇನು? ಇದಕ್ಕೆ ಉತ್ತರ ಇರುವ ಪುಸ್ತಕವನ್ನು ಕೆಳಗಿಡಲು ಮನಸ್ಸು ಬರುವುದಿಲ್ಲ. ಉತ್ತರ ಇಲ್ಲದ ಪುಸ್ತಕ ಎಷ್ಟೇ ಹೆಸರು ಮಾಡಿರಲಿ, ಬೇಗ ಬೇಜಾರು ಬರುತ್ತದೆ.

ಸುಮ್ನೆ ತಮಾಷೆಗೆ ಹೇಳುತ್ತಿಲ್ಲ. ಡ್ರ್ಯಾಗನ್ ಇದೆ ಅಂದರೆ ನಂಬುತ್ತೇನೆ. ನಂಬಬೇಕು ಅಂತಲೇ ಪುಸ್ತಕ ತೆರೆದಿರುವುದು. ಆದರೆ ಮೂರು ದಿನ ಹಗಲೂ ರಾತ್ರಿ ಕುದುರೆ ಓಡಿಸಿದವನು ಅದಕ್ಕೆ ಒಂದು ಹಿಡಿ ಹುಲ್ಲೂ ಹಾಕದಿದ್ದರೆ, ಆ ಡ್ರ್ಯಾಗನ್ ಕೂಡ ರಟ್ಟಿನದು ಅನ್ನಿಸಲು ಶುರುವಾಗುತ್ತದೆ. ದೊಡ್ಡ ಸುಳ್ಳನ್ನು ನಂಬಿಸಬೇಕಾದವರು ಸಣ್ಣ ವಿಷಯದಲ್ಲಿ ಸುಳ್ಳು ಹೇಳಬಾರದು.

ಈ ವಿಷಯದಲ್ಲಿ ನಾನು ಒಬ್ಬಳೇ ಅಲ್ಲ. ಡಯಾನಾ ವಿನ್ ಜೋನ್ಸ್ ಎಂಬ ಇಂಗ್ಲಿಷ್ ಲೇಖಕಿ 1996ರಲ್ಲಿ ‘ದಿ ಟಫ್ ಗೈಡ್ ಟು ಫ್ಯಾಂಟಸಿಲ್ಯಾಂಡ್’ ಅಂತ ಒಂದು ಪುಸ್ತಕ ತಂದರು. ಫ್ಯಾಂಟಸಿ ಲೋಕಕ್ಕೆ ಪ್ರವಾಸ ಹೋಗುವವರಿಗೆ ಕೈಪಿಡಿ ಎಂಬ ಸೋಗು ಅದಕ್ಕೆ. ಆ ಲೋಕದಲ್ಲಿ ಎಲ್ಲಿ ಹೋದರೂ ಸಿಗುವ ಊಟ ಸ್ಟ್ಯೂ ಒಂದೇ ಅಂತ ಅವರು ನಗುತ್ತಾರೆ. ಮಾಂಸ, ತರಕಾರಿ ಹಾಕಿ ಗಂಟೆಗಟ್ಟಲೆ ಕುದಿಸಬೇಕಾದ ಸಾರು ಅದು. ದಿನವಿಡೀ ಮಳೆಯಲ್ಲಿ ನಡೆದು, ಹಿಂದೆ ಶತ್ರು ಬರುತ್ತಿರುವಾಗ, ಅದನ್ನು ಕುದಿಸುತ್ತಾ ಕೂರುವವರು ಯಾರು? ಅಲ್ಲಿನ ಕುದುರೆಗಳ ಬಗ್ಗೆಯೂ ಅವರದು ಅದೇ ತಕರಾರು. ಮೋಟರ್ ಬೈಕಿನ ಹಾಗೆ ಓಡುತ್ತಲೇ ಇರುತ್ತವೆ, ಕುಂಟುವುದಿಲ್ಲ, ದಣಿಯುವುದಿಲ್ಲ. ನೂರಾರು ಕಾದಂಬರಿಗಳ ಮಾನ ಒಂದೇ ಏಟಿಗೆ ಹೋಯಿತು.

ಈಗ ಜೆ.ಆರ್.ಆರ್. ಟೋಲ್ಕಿನ್. ಹೊಸಬರು ಇಲ್ಲಿಂದಲೇ ಶುರು ಮಾಡಬೇಕಾ ಅಂತ ಕೇಳುತ್ತಾರೆ. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಬೇಡ, 1937ರ ‘ದಿ ಹಾಬಿಟ್’ ಆಗಬಹುದು. ಅದು ಶುರುವಾಗುವುದೇ ಬಿಲ್ಬೋ ಎಂಬ ಮನೆಬಿಟ್ಟು ಕದಲದ ಪುಟ್ಟ ಮನುಷ್ಯನ ಉಗ್ರಾಣಕ್ಕೆ ಹದಿಮೂರು ಕುಳ್ಳರು ನುಗ್ಗಿ ಎಲ್ಲವನ್ನೂ ಖಾಲಿ ಮಾಡುವುದರಿಂದ. ಕರೆಯದೆ ಬಂದ ನೆಂಟರ ಎದುರು ಅವನು ಪಡುವ ಪಾಡು ನೋಡಿದರೆ ಸಾಕು, ಮುಂದೆ ಬರುವ ಡ್ರ್ಯಾಗನ್ನನ್ನು ನಂಬಲು ನೀವು ತಯಾರಾಗಿರುತ್ತೀರಿ.

ದೊಡ್ಡ ಪುಸ್ತಕ, ಅಂದರೆ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’, ಬಂದದ್ದು 1954 ಮತ್ತು 55ರಲ್ಲಿ. ಅದನ್ನು ನಿಧಾನ, ಬರೀ ನಡಿಗೆ ಅಂತ ಬೈಯುವವರು ನಮ್ಮ ಓದುಗರ ಗುಂಪಿನಲ್ಲೂ ಇದ್ದಾರೆ. ನಿಜ, ಅದು ನಡಿಗೆಯ ಪುಸ್ತಕ. ನಾನು ಇಷ್ಟಪಡುವುದೂ ಅದಕ್ಕೇ. ಟೋಲ್ಕಿನ್ ಮೊದಲು ನಕಾಶೆ ಇಟ್ಟುಕೊಂಡು ಕತೆಯನ್ನು ಅದಕ್ಕೆ ಹೊಂದಿಸಿದವರು. ಯಾವ ರಾತ್ರಿ ಚಂದ್ರ ಎಷ್ಟಿರಬೇಕು ಅಂತ ಕೂಡ ಲೆಕ್ಕ ಹಾಕಿದವರು. ಕತೆಯ ನಾಯಕ ಫ್ರೋಡೋ ಒಂದು ಕೇಡಿನ ಉಂಗುರ ಹೊತ್ತು ಮನೆ ಬಿಡುವುದು ಸೆಪ್ಟೆಂಬರ್ 23ಕ್ಕೆ, ಆ ಉಂಗುರ ಬೆಂಕಿಗೆ ಬಿದ್ದು ನಾಶವಾಗುವುದು ಮಾರ್ಚ್ 25ಕ್ಕೆ. ಆರು ತಿಂಗಳ ದಾರಿ. ಆ ಆರು ತಿಂಗಳೂ ಏನು ತಿಂದರು ಅಂತ ಪುಸ್ತಕಕ್ಕೆ ಗೊತ್ತಿದೆ. ಲೆಂಬಾಸ್ ಎಂಬ ರೊಟ್ಟಿ ಇದೆ. ಒಂದು ತಿಂದರೆ ದಿನವಿಡೀ ನಡೆಯಬಹುದು. ಮಾಯಾ ಬುತ್ತಿ ಕೊಟ್ಟು ಕೈ ತೊಳೆದುಕೊಂಡರು ಅನ್ನಬೇಡಿ. ದಾರಿ ತೋರಿಸಲು ಜೊತೆಗೆ ಬರುವ ಗೊಲ್ಲಮ್ ಎಂಬ ವಿಚಿತ್ರ ಜೀವಿಗೆ ಅದು ಗಂಟಲಲ್ಲಿ ಇಳಿಯುವುದೇ ಇಲ್ಲ. ತಿನ್ನುವ ಫ್ರೋಡೋಗೂ ಅವನ ಜೊತೆಗಾರ ಸ್ಯಾಮ್‌ಗೂ ಅದೇ ರೊಟ್ಟಿ ತಿಂದು ತಿಂದು ಸಾಕಾಗುತ್ತದೆ.

ಆಗ ಸ್ಯಾಮ್ ಎರಡು ಮೊಲ ಬೇಯಿಸುತ್ತಾನೆ. ಮಾಲಿ ಅವನು. ಅಷ್ಟು ದೂರ ಪಾತ್ರೆಗಳನ್ನೂ ಒಂದು ಡಬ್ಬಿಯಲ್ಲಿ ಉಪ್ಪನ್ನೂ ಹೊತ್ತು ತಂದಿದ್ದಾನೆ. ಶತ್ರುವಿನ ಗಡಿಯಲ್ಲಿ, ಕಾಡಿನ ಸೊಪ್ಪು ಹುಡುಕಿ, ಒಲೆ ಹೂಡುತ್ತಾನೆ. ಊಟ ಆಗುತ್ತದೆ. ಆದರೆ ಬೆಂಕಿ ಪೂರ್ತಿ ಆರಿಸುವುದನ್ನು ಮರೆತಿರುತ್ತಾನೆ. ಹೊಗೆ ಮೇಲೇಳುತ್ತದೆ, ಆಯುಧ ಹಿಡಿದ ಜನ ಬಂದು ಸುತ್ತುವರಿಯುತ್ತಾರೆ. ಒಂದು ಹೊತ್ತಿನ ಬಿಸಿ ಊಟಕ್ಕೆ ಏನು ಬೆಲೆ ಅಂತ ಇದಕ್ಕಿಂತ ಚೆನ್ನಾಗಿ ಹೇಳಲು ಆಗುತ್ತದಾ? ಆಮೇಲೆ, ಕೊನೆಯ ಏರು ಹತ್ತುವ ಮುಂಚೆ, ಹೊರೆ ಇಳಿಸಲೇಬೇಕಾದಾಗ, ಅವನು ಆ ಪಾತ್ರೆಗಳನ್ನು ಬಿರುಕಿನೊಳಕ್ಕೆ ಎಸೆಯುತ್ತಾನೆ. ಇನ್ನು ಅಡುಗೆ ಇಲ್ಲ, ಅಂದರೆ ವಾಪಸ್ ಬರುವ ಲೆಕ್ಕವೂ ಇಲ್ಲ. ಅಷ್ಟು ಯುದ್ಧಗಳಿರುವ ಪುಸ್ತಕದಲ್ಲಿ ನನಗೆ ಅಳು ಬರುವುದು ಬಾಣಲೆ ಬೀಳುವ ಸದ್ದಿಗೆ.

ಇದೆಲ್ಲ ಪಶ್ಚಿಮದವರ ರೂಢಿ, ನಮ್ಮ ಕತೆಗಳಲ್ಲಿ ಮಾಯೆ ಅಂದರೆ ಮಾಯೆ, ಲೆಕ್ಕ ಗಿಕ್ಕ ಇಲ್ಲ ಅಂತ ಒಬ್ಬ ಗೆಳೆಯ ವಾದ ಮಾಡುತ್ತಾನೆ. ಅವನಿಗೆ ನಾನು ನೆನಪಿಸುವುದು ಅಕ್ಷಯಪಾತ್ರೆ. ಪಾಂಡವರು ಕಾಡಿಗೆ ಹೊರಟಾಗ ಹಿಂದೆ ಬ್ರಾಹ್ಮಣರ ಗುಂಪೇ ಹೊರಡುತ್ತದೆ. ಇಷ್ಟು ಜನಕ್ಕೆ ಊಟ ಎಲ್ಲಿಂದ? ವನವಾಸದ ಕತೆಯಲ್ಲಿ ಮೊದಲು ಬರುವ ತಲೆನೋವೇ ಅದು. ಧರ್ಮರಾಯ ಸೂರ್ಯನನ್ನು ಬೇಡುತ್ತಾನೆ, ಪಾತ್ರೆ ಸಿಗುತ್ತದೆ. ಆದರೆ ಅದಕ್ಕೊಂದು ಕಟ್ಟುಪಾಡು. ದ್ರೌಪದಿ ಉಂಡಾದ ಮೇಲೆ ಆ ದಿನಕ್ಕೆ ಮುಗಿಯಿತು. ಆ ಒಂದು ಕಟ್ಟುಪಾಡಿನಿಂದ ಎಷ್ಟು ಒಳ್ಳೆಯ ಕತೆ ಹುಟ್ಟಿತು ನೋಡಿ. ದೂರ್ವಾಸ ಶಿಷ್ಯರ ಹಿಂಡು ಕಟ್ಟಿಕೊಂಡು ಬರುವುದು ಪಾತ್ರೆ ತೊಳೆದಿಟ್ಟ ಮೇಲೆ. ಕೃಷ್ಣ ಬಂದು ಅಂಚಿಗೆ ಅಂಟಿದ್ದ ಒಂದಗುಳು ತಿನ್ನದೆ ಇದ್ದಿದ್ದರೆ ಶಾಪ ತಪ್ಪುತ್ತಿರಲಿಲ್ಲ. ಲೆಕ್ಕ ಇಲ್ಲದ ಪಾತ್ರೆಯಾಗಿದ್ದರೆ ಅಲ್ಲಿ ಹೇಳಲು ಏನಿತ್ತು?

ಇದೇ ಗೆಳೆಯನಿಗೆ ಬ್ರಾಂಡನ್ ಸ್ಯಾಂಡರ್ಸನ್ ಅಂದರೆ ಪ್ರಾಣ. 2006ರಲ್ಲಿ ಶುರುವಾದ ‘ಮಿಸ್ಟ್‌ಬಾರ್ನ್’ ಸರಣಿಯಲ್ಲಿ ಮಂತ್ರಶಕ್ತಿ ಇರುವವರು ಲೋಹದ ಪುಡಿ ನುಂಗುತ್ತಾರೆ, ಹೊಟ್ಟೆಯಲ್ಲಿ ಅದನ್ನು ಉರಿಸಿ ಬಲ ಪಡೆಯುತ್ತಾರೆ. ಪುಡಿ ಮುಗಿದರೆ ಬಲವೂ ಮುಗಿಯಿತು. ನನ್ನ ಬುತ್ತಿ ಪರೀಕ್ಷೆಯಲ್ಲಿ ಇದು ಪಾಸು, ಒಪ್ಪಿಕೊಂಡಿದ್ದೇನೆ. ಆದರೆ ಓದುವಾಗ ಕೆಲವೊಮ್ಮೆ ನಿಯಮದ ಪುಸ್ತಕ ಓದಿದ ಹಾಗಾಗುತ್ತದೆ. ಅವನು ಇದಕ್ಕೆ ಒಪ್ಪುವುದಿಲ್ಲ. ವೇಗವಾಗಿ ಓಡುವ ಕತೆ ಬೇಕು ಅನ್ನುವವರು ಅವನ ಮಾತು ಕೇಳಿ.

‘ಗೇಮ್ ಆಫ್ ಥ್ರೋನ್ಸ್’ ಬರೆದ ಜಾರ್ಜ್ ಆರ್.ಆರ್. ಮಾರ್ಟಿನ್ ಬಗ್ಗೆ ಬೇಗ ಮುಗಿಸುತ್ತೇನೆ. ಔತಣದ ವರ್ಣನೆಯಲ್ಲಿ ಅವರನ್ನು ಮೀರಿಸುವವರಿಲ್ಲ. ಅವರ ಕಾದಂಬರಿಗಳ ಊಟವನ್ನೇ ಹಿಡಿದು 2012ರಲ್ಲಿ ಒಂದು ಅಡುಗೆ ಪುಸ್ತಕವೂ ಬಂದಿದೆ. ಆದರೆ ಸರಣಿಯ ಮೊದಲನೆಯದು ಬಂದದ್ದು 1996ರಲ್ಲಿ, ಐದನೆಯದು 2011ರಲ್ಲಿ, ಆರನೆಯದಕ್ಕೆ ಜನ ಇನ್ನೂ ಕಾಯುತ್ತಿದ್ದಾರೆ. ಮುಗಿಯದ ಕತೆಗೆ ಹೊಸಬರನ್ನು ಕಳಿಸುವುದು ನನಗಿಷ್ಟವಿಲ್ಲ.

ಮನೆಯಲ್ಲಿ ಹತ್ತು ಹನ್ನೆರಡರ ಮಕ್ಕಳಿದ್ದರೆ ಬ್ರಯಾನ್ ಜಾಕ್ಸ್ ಬರೆದ ‘ರೆಡ್‌ವಾಲ್’ ಕೊಡಿ, 1986ರದ್ದು. ಇಲಿಗಳ ಮಠ, ಹೆಗ್ಗಣಗಳ ಮುತ್ತಿಗೆ, ನಡುನಡುವೆ ಬಾಯಲ್ಲಿ ನೀರೂರುವ ಊಟ. ಜಾಕ್ಸ್ ಲಿವರ್‌ಪೂಲಿನಲ್ಲಿ ಮನೆಮನೆಗೆ ಹಾಲು ಹಾಕುತ್ತಿದ್ದವರು. ಆ ದಾರಿಯಲ್ಲಿದ್ದ ಅಂಧ ಮಕ್ಕಳ ಶಾಲೆಯವರಿಗೆ ಓದಿ ಹೇಳಲೆಂದೇ ಈ ಕತೆ ಬರೆದರು. ಕಣ್ಣಿಗೆ ಕಾಣುವುದಕ್ಕಿಂತ ಮೂಗಿಗೆ, ನಾಲಿಗೆಗೆ ತಟ್ಟುವುದು ಅದರಲ್ಲಿ ಜಾಸ್ತಿ ಇರುವುದು ಅದಕ್ಕೇ.

ಮಂತ್ರ ಬೇಡ, ಬರೀ ಸಾಹಸ ಸಾಕು ಅನ್ನುವವರಿಗೆ ರಾಬರ್ಟ್ ಲೂಯಿ ಸ್ಟೀವನ್ಸನ್‌ನ ‘ಟ್ರೆಷರ್ ಐಲೆಂಡ್’ ಇದೆ. 1881ರಲ್ಲಿ ಸ್ಕಾಟ್ಲೆಂಡಿನ ಬ್ರೇಮಾರ್‌ನಲ್ಲಿ ಮಳೆ ಹಿಡಿದು ಕೂತಾಗ, ಮಲಮಗನ ಜೊತೆ ಕಾಲ ಕಳೆಯಲು ಬರೆದ ಒಂದು ದ್ವೀಪದ ನಕಾಶೆಯಿಂದ ಹುಟ್ಟಿದ ಕತೆ. ಪುಸ್ತಕವಾದದ್ದು 1883ರಲ್ಲಿ. ನಕಾಶೆ, ನಿಧಿ, ಗಿಳಿ ಎಲ್ಲರಿಗೂ ನೆನಪಿರುತ್ತದೆ. ಆದರೆ ಗಮನಿಸಿ, ಖಳನಾಯಕ ಜಾನ್ ಸಿಲ್ವರ್ ಹಡಗು ಹತ್ತುವುದು ಅಡುಗೆಯವನಾಗಿ. ಅವನ ಸಂಚು ಹುಡುಗ ಜಿಮ್‌ನ ಕಿವಿಗೆ ಬೀಳುವುದು ಸೇಬಿನ ಪೀಪಾಯಿಯೊಳಗೆ ಇಳಿದಾಗ. ದ್ವೀಪದಲ್ಲಿ ಮೂರು ವರ್ಷ ಒಂಟಿಯಾಗಿ ಬಿದ್ದಿದ್ದ ಬೆನ್ ಗನ್‌ಗೆ ನಿಧಿ ಎಲ್ಲಿದೆ ಅಂತ ಗೊತ್ತು. ಆದರೂ ಮೊದಲು ಕಂಡ ಮನುಷ್ಯನನ್ನು ಅವನು ಕೇಳುವುದು, ನಿನ್ನ ಹತ್ತಿರ ಒಂದು ಚೂರು ಚೀಸ್ ಇದೆಯಾ ಅಂತ. ಆ ಒಂದು ಮಾತಿನಲ್ಲಿ ಮೂರು ವರ್ಷ ಕಾಣುತ್ತದೆ.

ಕನ್ನಡದಲ್ಲೇ ಬೇಕು ಅನ್ನುವವರು ಬಹಳ ಜನ. ಸಾಹಸಕ್ಕಾದರೆ ಪೂರ್ಣಚಂದ್ರ ತೇಜಸ್ವಿಯವರನ್ನು ಬಿಟ್ಟು ಬೇರೆ ಹೆಸರು ಹೇಳಲು ನನಗೆ ಬಾಯಿ ಬರುವುದಿಲ್ಲ. ‘ಕರ್ವಾಲೊ’ ಪಾಠದ ಪುಸ್ತಕವಾಗಿ ಕೆಲವರಿಗೆ ರುಚಿ ಕೆಟ್ಟಿರಬಹುದು. ಸಾಹಸದ ಕತೆ ಅಂತ ಮತ್ತೆ ಓದಿ. ಜೇನುತುಪ್ಪದಿಂದ ಶುರುವಾಗಿ ಹಾರುವ ಓತಿಯ ಬೆನ್ನು ಹತ್ತಿ ಕಾಡಿಗೆ ಹೋಗುತ್ತದೆ. ಆ ತಂಡದಲ್ಲಿ ವಿಜ್ಞಾನಿ ಇದ್ದಾರೆ, ಮಂದಣ್ಣ ಇದ್ದಾನೆ, ಕಿವಿ ಎಂಬ ನಾಯಿ ಇದೆ, ಬಿರಿಯಾನಿ ಕರಿಯಪ್ಪನೂ ಇದ್ದಾನೆ. ಅಡುಗೆಯಿಂದ ಹೆಸರು ಪಡೆದವನನ್ನು ಕಾಡಿಗೆ ಕರೆದುಕೊಂಡು ಹೋಗುವ ಬುದ್ಧಿ ತೇಜಸ್ವಿಯವರಿಗಿತ್ತು. ಮಾಯೆಯೇ ಬೇಕು ಅಂದರೆ ಚಂದ್ರಶೇಖರ ಕಂಬಾರರ ‘ಶಿಖರಸೂರ್ಯ’ ಹಿಡಿಯಿರಿ. ದೊಡ್ಡದು, ಆತುರದಲ್ಲಿ ಓದುವಂಥದ್ದಲ್ಲ.

ತೇಜಸ್ವಿಯವರ ‘ಮಹಾಪಲಾಯನ’ದ ಮಾತು ಬೇರೆ. ಅದು ಪೋಲೆಂಡಿನ ಸ್ಲಾವೋಮಿರ್ ರಾವಿಚ್ ಎಂಬಾತನ 1956ರ ‘ದಿ ಲಾಂಗ್ ವಾಕ್’ ಪುಸ್ತಕದ ಕನ್ನಡ ರೂಪ. ಸೈಬೀರಿಯಾದ ಸೆರೆ ಶಿಬಿರದಿಂದ ತಪ್ಪಿಸಿಕೊಂಡು, ಗೋಬಿ ಮರುಭೂಮಿ, ಟಿಬೆಟ್, ಹಿಮಾಲಯ ದಾಟಿ ಭಾರತಕ್ಕೆ ನಡೆದು ಬಂದೆವು ಅಂತ ಅವನು ಹೇಳಿಕೊಂಡ ಕತೆ. ಸುಮಾರು 6,500 ಕಿಲೋಮೀಟರ್. ಓದುವಾಗ ಮೈ ಜುಮ್ಮೆನ್ನುತ್ತದೆ. ಕನ್ನಡದಲ್ಲಂತೂ ಬಹಳ ಚೆನ್ನಾಗಿದೆ. ಆದರೆ ಪುಸ್ತಕ ಬಂದಾಗಲೇ ಹಿಮಾಲಯ ಬಲ್ಲವರು ತಕರಾರು ತೆಗೆದರು. ಗೋಬಿಯಲ್ಲಿ ನೀರಿಲ್ಲದೆ ಅಷ್ಟು ದಿನ ನಡೆಯಲು ಸಾಧ್ಯವೇ ಅಂತ. ದಾರಿಯಲ್ಲಿ ಹಿಮಮಾನವರಂಥ ಎರಡು ಪ್ರಾಣಿ ಕಂಡೆವು ಎಂಬ ಮಾತು ಬೇರೆ. 2006ರಲ್ಲಿ ಬಿಬಿಸಿ ದಾಖಲೆ ಹುಡುಕಿ ತೆಗೆಯಿತು. ರಾವಿಚ್ ತಪ್ಪಿಸಿಕೊಂಡದ್ದಲ್ಲ, 1942ರಲ್ಲಿ ಕ್ಷಮಾದಾನದಲ್ಲಿ ಬಿಡುಗಡೆಯಾಗಿದ್ದ ಅಂತ ಅದರಲ್ಲಿತ್ತು.

ನನ್ನ ಬುತ್ತಿ ಪರೀಕ್ಷೆಯಲ್ಲಿ ಇದು ವಿಚಿತ್ರ ಕೇಸು. ನಿಜ ಅಂತ ಮಾರಿದ ಕತೆ ನೀರಿನ ಲೆಕ್ಕದಲ್ಲಿ ಎಡವುತ್ತದೆ. ಪೂರ್ತಿ ಸುಳ್ಳು ಅಂತ ಮೊದಲೇ ಹೇಳಿಕೊಂಡ ಟೋಲ್ಕಿನ್ ರೊಟ್ಟಿಯ ಲೆಕ್ಕ ತಪ್ಪುವುದಿಲ್ಲ. ‘ಮಹಾಪಲಾಯನ’ ಓದಬೇಡಿ ಅನ್ನುತ್ತಿಲ್ಲ. ಕಾದಂಬರಿ ಅಂತ ಓದಿ.

ಈಗ ನನ್ನ ಮೇಜಿನ ಮೇಲಿರುವುದಕ್ಕೆ ಬರುತ್ತೇನೆ. ಅರ್ಸುಲಾ ಕೆ. ಲೆಗ್ವಿನ್ ಬರೆದ ಅರ್ಥ್‌ಸೀ ಪುಸ್ತಕಗಳನ್ನು ಮತ್ತೆ ಓದುತ್ತಿದ್ದೇನೆ. ಮೊದಲನೆಯದು 1968ರ ‘ಎ ವಿಝರ್ಡ್ ಆಫ್ ಅರ್ಥ್‌ಸೀ’. ಹೊಸಬರಿಗೆ ನಾನು ಕೊಡುವ ಮೊದಲ ಹೆಸರು ಇದು. ಸಣ್ಣದು, ಇಂಗ್ಲಿಷ್ ತಿಳಿ, ಕತೆ ಅಲ್ಲೇ ಮುಗಿಯುತ್ತದೆ. ಬರೀ ದ್ವೀಪಗಳ ಲೋಕ. ಗೆಡ್ ಎಂಬ ಕಂದು ಬಣ್ಣದ ಹುಡುಗ ಮಂತ್ರ ಕಲಿಯುತ್ತಾನೆ, ಗರ್ವದಿಂದ ಏನನ್ನೋ ಬಿಡಿಸಿಬಿಡುತ್ತಾನೆ, ಅದರಿಂದ ಓಡುತ್ತಾನೆ, ಆಮೇಲೆ ಅದನ್ನೇ ಅಟ್ಟಿಸಿಕೊಂಡು ಹೋಗುತ್ತಾನೆ. ಕೊನೆಯ ಪಯಣಕ್ಕೆ ಮುಂಚೆ ಗೆಳೆಯನ ಮನೆಯಲ್ಲಿ ಬುತ್ತಿ ಕಟ್ಟುತ್ತಿರುತ್ತಾರೆ. ಗೆಳೆಯನ ತಂಗಿ ಕೇಳುತ್ತಾಳೆ, ನೀವು ಮಾಂತ್ರಿಕರಲ್ಲವೇ, ಬುತ್ತಿ ಯಾಕೆ ಹೊರಬೇಕು, ಊಟ ಬಾ ಅಂದರೆ ಬರುವುದಿಲ್ಲವೇ? ಬರಿಸಬಹುದು ಅನ್ನುತ್ತಾನೆ ಗೆಡ್. ಪರಿಮಳ ಬರುತ್ತದೆ, ರುಚಿ ಇರುತ್ತದೆ, ಹೊಟ್ಟೆ ತುಂಬಿದ ಹಾಗೂ ಆಗುತ್ತದೆ. ಆದರೆ ಅದು ಬರೀ ಮಾತು. ಹಸಿದವನಿಗೆ ಅದರಿಂದ ಬಲ ಬರುವುದಿಲ್ಲ. ನಾನು ಪುಸ್ತಕಗಳನ್ನು ಅಳೆಯುವುದಕ್ಕೆ ಶುರು ಮಾಡಿದ್ದು ಈ ಪುಟದಿಂದ.

ಗುಂಪಿನಲ್ಲಿ ಜಗಳ ಇರುವುದು ನಾಲ್ಕನೆಯ ಪುಸ್ತಕ ‘ತೆಹಾನು’ ಬಗ್ಗೆ. ಮೂರನೆಯದು ಬಂದು ಹದಿನೆಂಟು ವರ್ಷ ಆದಮೇಲೆ, 1990ರಲ್ಲಿ ಬಂತು. ಅದರಲ್ಲಿ ಗೆಡ್‌ನ ಮಂತ್ರಶಕ್ತಿ ಪೂರ್ತಿ ಹೋಗಿದೆ. ಮೇಕೆ ಕಾಯುತ್ತಾನೆ. ಕತೆ ಇರುವುದು ಟೆನಾರ್ ಎಂಬ ವಿಧವೆಯ ಸುತ್ತ. ಸುಟ್ಟ ಮುಖದ ಒಂದು ಮಗುವನ್ನು ಸಾಕುತ್ತಾ, ಹೊಲ, ಅಡುಗೆಮನೆ ನೋಡಿಕೊಂಡಿರುತ್ತಾಳೆ. ಇದು ಫ್ಯಾಂಟಸಿಯೇ ಅಲ್ಲ, ಲೇಖಕಿ ತನ್ನ ಲೋಕವನ್ನು ತಾನೇ ಹಾಳು ಮಾಡಿದಳು ಅನ್ನುವವರು ಇದ್ದಾರೆ. ನನಗೆ ಆರರಲ್ಲಿ ಇದೇ ಎಲ್ಲಕ್ಕಿಂತ ಇಷ್ಟ. ಹಡಗಿನಿಂದ ಮನೆಗೆ ಬಂದ ಮಗ ಉಂಡ ತಟ್ಟೆ ತೊಳೆಯುವುದಿಲ್ಲ, ಅದು ಹೆಂಗಸರ ಕೆಲಸ ಅನ್ನುತ್ತಾನೆ. ಬುತ್ತಿ ಯಾರು ಹೊರುತ್ತಾರೆ ಅಂತ ಕೇಳುತ್ತಿದ್ದ ನನಗೆ, ಅದನ್ನು ಕಟ್ಟಿಕೊಟ್ಟವರು ಯಾರು, ಪಾತ್ರೆ ತೊಳೆದವರು ಯಾರು ಅಂತ ಕೇಳಲು ಹೇಳಿಕೊಟ್ಟ ಪುಸ್ತಕ ಅದು. ಈ ಸಲದ ಓದಿನಲ್ಲಿ ಇನ್ನೂ ಅರ್ಧ ಬಾಕಿ ಇದೆ. ಮೊದಲ ಮೂರನ್ನು ಬೇಕಾದರೆ ಒಂದೇ ಉಸಿರಿಗೆ ಓದಿ, ‘ತೆಹಾನು’ಗೆ ಆತುರ ಬೇಡ, ನಡುವೆ ಕೆಲವು ವರ್ಷ ಬಿಟ್ಟರೂ ತೊಂದರೆಯಿಲ್ಲ. ಓದಿದ ಮೇಲೆ ಜಗಳಕ್ಕೆ ಬನ್ನಿ.