ಫ್ಲೈಟ್ ಎಂಜಿನಿಯರ್ ಆಗೋಕೆ ಏನು ಓದಬೇಕು?

ಮದುವೆ ಮನೆಯಲ್ಲಿ ಊಟಕ್ಕೆ ಕೂತರೆ ಸಾಕು, ಪಕ್ಕದ ಎಲೆಯಿಂದ ಪ್ರಶ್ನೆ ಬರುತ್ತದೆ. "ನೀವು ಫ್ಲೈಟ್ ಎಂಜಿನಿಯರ್ ಅಲ್ವಾ? ನಮ್ಮ ಹುಡುಗನಿಗೂ ಅದೇ ಆಸೆ. ಏನು ಓದಿಸಬೇಕು?"

ಅಲ್ಲ ಸ್ವಾಮಿ. ನಾನು ವಿಮಾನ ರಿಪೇರಿ ಮಾಡಿ ಕಳಿಸುವವನು, ಜೊತೆಗೆ ಹಾರುವವನಲ್ಲ. ಫ್ಲೈಟ್ ಎಂಜಿನಿಯರ್ ಅಂದರೆ ಕಾಕ್‌ಪಿಟ್‌ನಲ್ಲಿ ಪೈಲಟ್‌ಗಳ ಹಿಂದೆ ಕೂರುತ್ತಿದ್ದ ಮೂರನೆಯವರು. ಹಳೆಯ ಬೋಯಿಂಗ್ 747ರಲ್ಲಿ ಅವರ ಮುಂದೆ ಗೋಡೆ ತುಂಬ ಮೀಟರು, ಸ್ವಿಚ್ಚು. ಯಾವ ಟ್ಯಾಂಕಿನಿಂದ ಇಂಧನ ಹೋಗಬೇಕು, ಒಳಗೆ ಗಾಳಿಯ ಒತ್ತಡ ಎಷ್ಟಿರಬೇಕು, ಎಲ್ಲಾ ಅವರೇ ನೋಡಿಕೊಳ್ಳುತ್ತಿದ್ದರು. 1989ರಲ್ಲಿ ಅದರ ಹೊಸ ಮಾದರಿ 747-400 ಪ್ರಯಾಣಿಕರ ಸೇವೆಗೆ ಬಂತು. ಅದರಲ್ಲಿ ಆ ಜಾಗವೇ ಇರಲಿಲ್ಲ. ಕೆಲಸ ಕಂಪ್ಯೂಟರ್ ಪಾಲಾಗಿತ್ತು. ಈಗ ನೀವು ಹತ್ತುವ ಏರ್‌ಬಸ್ 320ರಲ್ಲೂ ಮುಂದೆ ಇಬ್ಬರೇ. ನಮ್ಮ ವಾಯುಪಡೆಯ ಐಎಲ್-76ರಂಥ ಸಾಗಣೆ ವಿಮಾನಗಳಲ್ಲಿ ಫ್ಲೈಟ್ ಎಂಜಿನಿಯರ್ ಇನ್ನೂ ಇದ್ದಾರೆ. ಅವರಿಗೆ ತರಬೇತಿ ಕೊಡುವ ನೆಲೆ ಇಲ್ಲೇ, ಯಲಹಂಕ. ಅದೇ ಬೇಕೆಂದರೆ ಮೊದಲು ವಾಯುಪಡೆ ಸೇರಬೇಕು.

ನನ್ನ ಹಾಗೆ ಎಂಜಿನ್ನಿಗೆ ಕೈ ಹಾಕುವ ಆಸೆಯಾದರೆ ಎಎಂಇ, ಅಂದರೆ ವಿಮಾನ ನಿರ್ವಹಣಾ ಎಂಜಿನಿಯರ್ ದಾರಿ ಹಿಡಿಯಲಿ. ಪಿಯುಸಿಯಲ್ಲಿ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಇರಬೇಕು. ಕಾಲೇಜಿಗೆ ವಿಮಾನಯಾನ ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ಒಪ್ಪಿಗೆ ಇದೆಯಾ ಅಂತ ಫೀಸು ಕಟ್ಟುವ ಮುಂಚೆಯೇ ನೋಡಿ. ಆಮೇಲೆ ಒಂದೊಂದೇ ಮಾಡ್ಯೂಲ್ ಪರೀಕ್ಷೆ, ಪಾಸಾಗಲು 75 ಪರ್ಸೆಂಟ್ ಬೇಕು. ಎಂಜಿನ್ ಕಡೆಯವರಿಗೆ ಬಿ1 ವಿಭಾಗದ ಲೈಸೆನ್ಸ್, ಎಲೆಕ್ಟ್ರಾನಿಕ್ಸ್ ಕಡೆಯವರಿಗೆ ಬಿ2. ಕೆಲಸದ ಅನುಭವ ತೋರಿಸಿದ ಮೇಲೆಯೇ ಅದು ಕೈಗೆ ಬರುವುದು. ಅದಾದ ಮೇಲೂ ಒಂದೊಂದು ಮಾದರಿಯ ವಿಮಾನಕ್ಕೆ ಬೇರೆ ಬೇರೆ ಅನುಮತಿ ಬೇಕು, ಅದಕ್ಕೆ ಟೈಪ್ ರೇಟಿಂಗ್ ಅನ್ನುತ್ತಾರೆ. ಬರೀ ಬಿ.ಇ. ಏರೋನಾಟಿಕಲ್ ಮಾಡಿದರೆ ಈ ಲೈಸೆನ್ಸ್ ಬರಲ್ಲ. ಇದು ಗೊತ್ತಿಲ್ಲದೆ ಸೇರಿ ಪೇಚಾಡಿದವರನ್ನು ಜಾಸ್ತಿಯೇ ನೋಡಿದ್ದೇನೆ.

ರಾತ್ರಿ ಪಾಳಿಯ ಬಗ್ಗೆ ಯಾರೂ ಕೇಳುವುದಿಲ್ಲ. ನಮ್ಮ ಟೂಲ್ ಬಾಕ್ಸಿನಲ್ಲಿ ಪ್ರತಿ ಸ್ಪ್ಯಾನರಿಗೂ ಅದರದೇ ಆಕಾರದ ಗುಂಡಿ ಕೊರೆದಿರುತ್ತದೆ. ಒಮ್ಮೆ ಬೆಳಗಿನ ಜಾವ ಮೂರು ಗಂಟೆಗೆ, ಕೆಲಸ ಮುಗಿಸಿ ಎಂಜಿನ್ನಿನ ಕವಚ ಮುಚ್ಚಿದ ಮೇಲೆ, ಹೊಸ ಹುಡುಗ ಬಂದು ನಿಂತ. "ಅಣ್ಣಾ, ಒಂದು ಸಾಕೆಟ್ ಇಲ್ಲ." ನಟ್ಟು ಬಿಗಿಯುವ ಆ ಸಾಕೆಟ್ಟಿನ ಗುಂಡಿ ಖಾಲಿ. ಕವಚ ಮತ್ತೆ ಬಿಚ್ಚಿದೆವು. ಟಾರ್ಚ್ ಹಿಡಿದು, ಮಲಗಿಕೊಂಡು, ಪೈಪುಗಳ ಸಂದಿಯಲ್ಲೆಲ್ಲಾ ಕೈಯಾಡಿಸಿ ಹುಡುಕಿದೆವು. ಕೊನೆಗೆ ಒಂದು ಪೈಪಿನ ಹಿಂದೆ ಸಿಕ್ಕಿತು. ಆರರ ವಿಮಾನ ಏಳಕ್ಕೆ ಹೊರಟಿತು. ಅವನು ಸುಮ್ನೆ ಬಾಕ್ಸ್ ಮುಚ್ಚಿದ್ದರೆ ವಿಮಾನ ಹಾರಲು ಸರಿಯಿದೆ ಅಂತ ನಾನು ಸಹಿ ಹಾಕಿ ಮನೆಗೆ ಹೋಗಿರುತ್ತಿದ್ದೆ.

ಅದಕ್ಕೇ ಈಗ ಪಕ್ಕದ ಎಲೆಯವರನ್ನು ನಾನೇ ತಿರುಗಿ ಕೇಳುತ್ತೇನೆ: "ಹುಡುಗ ಏನಾದರೂ ಕಳೆದುಕೊಂಡರೆ ಮನೆಗೆ ಬಂದು ಹೇಳ್ತಾನಾ?" ಅಷ್ಟರಲ್ಲಿ ಪಾಯಸ ಬಂದಿರುತ್ತದೆ.