ಎರರ್ ಬಂದ ಜಾಗದಲ್ಲೇ ನಿಲ್ಲುವ ಲಿಸ್ಪ್

ಕೋಲಾರದ ಟೊಮೆಟೊ ಮಂಡಿಯಲ್ಲಿ ಹರಾಜು 15 ಕೆಜಿ ಬಾಕ್ಸ್ ಲೆಕ್ಕದಲ್ಲಿ ನಡೆಯುತ್ತದೆ. ನಮ್ಮ ಭಾವನ ಮಂಡಿಯ ರೇಟುಗಳು ಸಾಲಿಗೊಂದರಂತೆ ಫೈಲ್‌ನಲ್ಲಿರುತ್ತವೆ, ಅದನ್ನು ಕಾಮನ್ ಲಿಸ್ಪ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಓದಿ ಕೂಡುತ್ತೇನೆ. 450, 380 ಅಂತ ನೀಟಾಗಿರುವ ಸಾಲುಗಳ ನಡುವೆ ಯಾರೋ "450/-" ಅಂತ ಹೊಡೆದಿರುತ್ತಾರೆ. ಅಕ್ಷರದಲ್ಲಿರುವ ಅಂಕಿಯನ್ನು ಸಂಖ್ಯೆ ಮಾಡುವ ಪಾರ್ಸ್-ಇಂಟಿಜರ್ ಫಂಕ್ಷನ್ ಅಲ್ಲೇ ಮುಗ್ಗರಿಸುತ್ತದೆ.

ಎರರ್ ಹಿಡಿಯೋಕೆ ಟ್ರೈ-ಕ್ಯಾಚ್ ಅನ್ನೋ ರಚನೆ ಇರುವ ಭಾಷೆಗಳಲ್ಲಿ ನೀವು ಎರರ್ ಹಿಡಿಯುವ ಹೊತ್ತಿಗೆ ಅದು ಹುಟ್ಟಿದ ಫಂಕ್ಷನ್ ಆಗಲೇ ಮುಗಿದುಹೋಗಿರುತ್ತದೆ. ಲಿಸ್ಪ್‌ನ ಹ್ಯಾಂಡ್ಲರ್-ಕೇಸ್ ಕೂಡ ಹಾಗೇ. ಹ್ಯಾಂಡ್ಲರ್-ಬೈಂಡ್ ಮಾತ್ರ ಬೇರೆ ಜಾತಿ: ಸ್ಟ್ಯಾಕ್, ಅಂದರೆ ಒಂದನ್ನೊಂದು ಕರೆದು ಇನ್ನೂ ಮುಗಿಯದ ಫಂಕ್ಷನ್‌ಗಳ ಸರಪಳಿ, ಹಾಗೇ ನಿಂತಿರುವಾಗಲೇ ಹ್ಯಾಂಡ್ಲರ್ (ಎರರ್‌ಗೆ ಏನು ಮಾಡಬೇಕು ಅಂತ ಹೇಳುವ ಕೋಡ್) ಓಡುತ್ತದೆ. ಸಾಲು ಓದುವ ಫಂಕ್ಷನ್‌ನಲ್ಲಿ ರಿಸ್ಟಾರ್ಟ್-ಕೇಸ್ ಹಾಕಿ ಎರಡು ದಾರಿ, ಅಂದರೆ ರಿಸ್ಟಾರ್ಟ್, ಬಿಟ್ಟಿದ್ದೇನೆ: ಒಂದು ಈ ಸಾಲು ಬಿಡು, ಇನ್ನೊಂದು ಈ ಬೆಲೆ ತಗೋ. ಯಾವುದು ಅಂತ ಆ ಫಂಕ್ಷನ್ ತೀರ್ಮಾನಿಸುವುದಿಲ್ಲ, ಮೇಲಿನ ಹ್ಯಾಂಡ್ಲರ್ ಇನ್ವೋಕ್-ರಿಸ್ಟಾರ್ಟ್ ಮಾಡಿ ಹೇಳಬೇಕು. ಗುಮಾಸ್ತ ಬಂದು "ಅಣ್ಣಾ, ಈ ಚೀಟಿ ಏನು ಮಾಡ್ಲಿ" ಅಂತ ಕೇಳುವಾಗ ಚೀಟಿ ಎಸೆದು ಬಂದಿರಲ್ಲ, ಅಲ್ವಾ?

ಪಾರ್ಸ್-ಇಂಟಿಜರ್ ಕೊಡುವ ಎರರ್‌ನಲ್ಲಿ ಮೂಲ ಸಾಲು ಸಿಗುತ್ತದೆ ಅನ್ನೋ ಗ್ಯಾರಂಟಿ ಇಲ್ಲ. ಅದಕ್ಕೆ ಡಿಫೈನ್-ಕಂಡಿಷನ್‌ನಲ್ಲಿ ನಂದೇ ಒಂದು ಕಂಡಿಷನ್ (ಎರರ್‌ನ ವಿವರ ಹೊತ್ತ ವಸ್ತು) ಮಾಡಿ, ಆ ಸಾಲನ್ನೂ ಅದರೊಳಗೆ ಇಟ್ಟೆ. ಇವತ್ತಿನ ಲೆಕ್ಕಕ್ಕೆ "/-" ಕಿತ್ತು ಬೆಲೆ ಕೊಡುವ ಹ್ಯಾಂಡ್ಲರ್, ಹಳೇ ಫೈಲ್‌ಗಳಿಗೆ ಸಾಲನ್ನೇ ಬಿಡುವ ಹ್ಯಾಂಡ್ಲರ್. ಓದುವ ಫಂಕ್ಷನ್‌ನಲ್ಲಿ ಒಂದಕ್ಷರ ಬದಲಾಗಿಲ್ಲ. ಹ್ಯಾಂಡ್ಲರೇ ಇಲ್ಲದಿದ್ದರೆ ಡಿಬಗರ್ ತೆರೆದುಕೊಂಡು ಅವೇ ಎರಡು ದಾರಿಗಳನ್ನು ನನ್ನ ಮುಂದೆ ಇಡುತ್ತದೆ, ಎಸ್‌ಬಿಸಿಎಲ್ ಅನ್ನೋ ಲಿಸ್ಪ್ ಕಂಪೈಲರ್‌ನಲ್ಲಾದರೆ ನಂಬರ್ ಹಾಕಿ ಆರಿಸಬಹುದು. ಇದೇನು ಹೊಸದಲ್ಲ, ಲಿಸ್ಪ್ ತಜ್ಞ ಕೆಂಟ್ ಪಿಟ್‌ಮನ್ ಮುಂದೆ ನಿಂತು ರೂಪಿಸಿದ್ದು, ಕಾಮನ್ ಲಿಸ್ಪ್‌ನ 1994ರ ಆನ್ಸಿ (ಅಮೆರಿಕದ ಮಾನದಂಡ ಸಂಸ್ಥೆ) ಸ್ಟ್ಯಾಂಡರ್ಡ್‌ನಲ್ಲೇ ಇದೆ.

ಹ್ಯಾಂಡ್ಲರ್-ಬೈಂಡ್, ರಿಸ್ಟಾರ್ಟ್-ಕೇಸ್ ಮ್ಯಾಕ್ರೋ ಆಗಿರೋದು ಸುಮ್ನೆ ಅಲ್ಲ. ಫಂಕ್ಷನ್ ಆಗಿದ್ದರೆ ಅದರ ಆರ್ಗ್ಯುಮೆಂಟ್‌ಗಳು ಮೊದಲೇ ಇವ್ಯಾಲ್ಯುಯೇಟ್ ಆಗಿಬಿಡುತ್ತವೆ, ಅಂದರೆ ಎರರ್ ಮೊದಲು, ಹ್ಯಾಂಡ್ಲರ್ ಆಮೇಲೆ. ಮ್ಯಾಕ್ರೋ ಆದರೆ ಕೋಡನ್ನು ಹಾಗೇ ಕೈಗೆ ತಗೊಂಡು, ಹ್ಯಾಂಡ್ಲರ್ ಸಿದ್ಧವಾದ ಮೇಲೆ ಓಡುವಂತೆ ಜೋಡಿಸುತ್ತದೆ. ಲ್ಯಾಂಬ್ಡಾದಲ್ಲಿ, ಅಂದರೆ ಹೆಸರಿಲ್ಲದ ಫಂಕ್ಷನ್‌ನಲ್ಲಿ, ಸುತ್ತಿ ಕೊಟ್ಟರೆ ಫಂಕ್ಷನ್‌ನಿಂದಲೂ ಆಗುತ್ತದೆ, ಆದರೆ ಪ್ರತಿ ಸಲ ಅಷ್ಟು ಬರೆಯೋಕೆ ಬೇಜಾರು.

ಇಗ್ನೋರ್-ಎರರ್ಸ್ ಅನ್ನೋದು ಮಾತ್ರ ನನಗೆ ಆಗಿಬರಲ್ಲ. ಎರರ್ ಬಂದರೆ ನಿಲ್ ('ಏನೂ ಇಲ್ಲ') ಕೊಟ್ಟು ಸುಮ್ಮನಾಗುತ್ತದೆ. ಎರಡನೇ ವ್ಯಾಲ್ಯೂ ಆಗಿ ಕಂಡಿಷನ್ನನ್ನೂ ಕೊಡುತ್ತದೆ ನಿಜ, ಅದನ್ನು ಯಾರು ನೋಡ್ತಾರೆ? ದುಡ್ಡಿನ ಲೆಕ್ಕದಲ್ಲಂತೂ ಅದು ಬೇಡವೇ ಬೇಡ.